ನಾಯಿ ಕಚ್ಚಿದರೆ ಪರಿಹಾರ: ಯಾರಿಂದ, ಯಾವ ದಾರಿಯಲ್ಲಿ?

ಸಿರುಗುಪ್ಪ ಕಡೆಯ ಹಳ್ಳಿಯೊಂದರಲ್ಲಿ ಭತ್ತದ ನಾಟಿಗೆ ಹೋಗುವ ಮಹಿಳೆಯೊಬ್ಬರು ಕಳೆದ ಹಂಗಾಮಿನಲ್ಲಿ ನನ್ನೆದುರು ಒಂದು ಪ್ಲಾಸ್ಟಿಕ್ ಚೀಲ ಬಿಚ್ಚಿದರು. ಮಡಿಚಿ ಮಡಿಚಿ ಗೆರೆ ಬಿದ್ದ ಓಪಿಡಿ ಚೀಟಿ, ಇಂಜೆಕ್ಷನ್‌ನ ಮುಂದಿನ ದಿನಾಂಕಗಳನ್ನು ಬರೆದುಕೊಟ್ಟ ಕಾರ್ಡು, ಔಷಧ ಅಂಗಡಿಯ ಎರಡು ಬಿಲ್ಲು ಅದರಲ್ಲಿದ್ದವು. ಗಾಯದ ಬಗ್ಗೆ ಚೀಟಿಯಲ್ಲಿ ಬರೆದದ್ದು ಎರಡೇ ಪದ: ನಾಯಿ ಕಡಿತ. ಎಲ್ಲಿ ಕಚ್ಚಿತು, ಎಷ್ಟು ಹೊತ್ತಿಗೆ, ಯಾರ ನಾಯಿ, ಎಷ್ಟು ಹಲ್ಲು ಊರಿದ್ದವು ಎಂಬ ಒಂದು ಸಾಲೂ ಇರಲಿಲ್ಲ. ಕಾಲಿನ ಮೀನಖಂಡದ ಗಾಯ ಮಾಯ್ದಿತ್ತು, ಆದರೆ ಕೆಸರಿಗೆ ಕಾಲಿಡಲಾಗದೆ ಹದಿನೈದು ದಿನದ ಕೂಲಿ ಹೋಗಿತ್ತು. "ಪರಿಹಾರ ಕೊಡ್ತಾರಂತಲ್ರೀ, ಯಾರು ಕೊಡ್ತಾರ?" ಎಂದು ಅವರು ಕೇಳಿದರು. ಈ ಬರಹ ಆ ಪ್ರಶ್ನೆಗೆ ಉತ್ತರ.

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಈ ಪ್ರಶ್ನೆ ಈಗ ಹೆಚ್ಚು ಕೇಳಿಬರುತ್ತಿರುವುದಕ್ಕೆ ಕಾರಣವಿದೆ. 2025ರ ಆಗಸ್ಟ್ ಮತ್ತು ನವೆಂಬರ್ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬೀದಿ ನಾಯಿಗಳ ವಿಷಯದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಆದೇಶಗಳನ್ನು ನೀಡಿತು. ಅದೇ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಬೀದಿ ನಾಯಿ ಕಡಿತಕ್ಕೆ ಕೊಡುವ ಪರಿಹಾರದ ಮೊತ್ತವನ್ನು ಪ್ರಕಟಿಸಿತು. ಸುದ್ದಿ ಎಲ್ಲರಿಗೂ ತಲುಪಿದೆ. ಹಣ ಪಡೆಯುವ ದಾರಿ ಮಾತ್ರ ಬಹಳ ಜನರಿಗೆ ಗೊತ್ತಿಲ್ಲ.

ಮೊದಲು ಗಾಯ

ಕಾನೂನಿನ ಮಾತಿಗೆ ಮೊದಲು ಜೀವದ ಮಾತು ಬರಬೇಕು, ಏಕೆಂದರೆ ರೇಬೀಸ್‌ನ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ರೋಗಿ ಬದುಕುಳಿಯುವುದು ಇಲ್ಲವೆಂಬಷ್ಟು ಅಪರೂಪ. ಹುಚ್ಚು ನಾಯಿಯ ಜೊಲ್ಲಿನಲ್ಲಿರುವ ವೈರಸ್ ಗಾಯದ ಮೂಲಕ ಒಳಹೊಕ್ಕು ನರಗಳ ಗುಂಟ ಮಿದುಳಿನ ಕಡೆಗೆ ನಿಧಾನವಾಗಿ ಸಾಗುತ್ತದೆ. ಕಾಲಿಗೆ ಕಚ್ಚಿದ್ದಕ್ಕಿಂತ ಮುಖಕ್ಕೆ, ಕುತ್ತಿಗೆಗೆ ಕಚ್ಚಿದ್ದು ಹೆಚ್ಚು ಅಪಾಯಕಾರಿ ಎನ್ನುವುದು ಇದೇ ಕಾರಣಕ್ಕೆ: ಅಲ್ಲಿಂದ ಮಿದುಳು ಹತ್ತಿರ. ಮಕ್ಕಳ ಎತ್ತರವೇ ನಾಯಿಯ ಬಾಯಿಯ ಮಟ್ಟದಲ್ಲಿರುವುದರಿಂದ ಇಂಥ ಗಾಯ ಅವರಿಗೇ ಹೆಚ್ಚು. ವೈರಸ್ ಮಿದುಳು ತಲುಪುವ ಮೊದಲು ಲಸಿಕೆ ದೇಹವನ್ನು ಸಜ್ಜುಗೊಳಿಸಬೇಕು.

ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ಗಾಯ ತೊಳೆಯುವುದು ಮೊದಲ ಕೆಲಸ. ನಮ್ಮ ಕಡೆ ಇನ್ನೂ ನಡೆಯುವ ಸುಣ್ಣ, ಖಾರದಪುಡಿ, ಅರಿಸಿನ ಮೆತ್ತುವ ಪದ್ಧತಿ ಗಾಯವನ್ನು ಕೆರಳಿಸುತ್ತದೆಯೇ ಹೊರತು ವೈರಸ್ ಅನ್ನು ಕೊಲ್ಲುವುದಿಲ್ಲ. ನಂತರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ ಅಲ್ಲಿಂದ ಲೆಕ್ಕ ಹಾಕಿ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ ಇವುಗಳ ಜೊತೆಗೆ 14ನೇ ದಿನವೂ ಒಂದು. ಚರ್ಮ ತೂತಾಗಿ ರಕ್ತ ಬಂದಿದ್ದರೆ ಅದು ಮೂರನೇ ದರ್ಜೆಯ ಗಾಯ. ಅದಕ್ಕೆ ಲಸಿಕೆ ಒಂದೇ ಸಾಲದು, ಗಾಯದ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದೂ ಬೇಕು. ಲಸಿಕೆ ಕೆಲಸ ಶುರುಮಾಡಲು ಕೆಲವು ದಿನ ಹಿಡಿಯುವುದರಿಂದ ಅಲ್ಲಿಯವರೆಗೆ ಕಾವಲಿಗೆ ನಿಲ್ಲುವುದು ಇದೇ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಕೊಡುತ್ತಿದ್ದ ಕಾಲ ಮುಗಿದು ಎರಡು ದಶಕವಾದರೂ, ಆ ಹೆದರಿಕೆಯಿಂದ ಆಸ್ಪತ್ರೆ ತಪ್ಪಿಸುವವರು ಇನ್ನೂ ಇದ್ದಾರೆ.

ಇಂಜೆಕ್ಷನ್ ಪೂರ್ತಿ ತೆಗೆದುಕೊಳ್ಳದಿರುವುದು ಪ್ರಕರಣಕ್ಕೂ ಪೆಟ್ಟು. ನೊಂದವರು ತಮ್ಮ ನಷ್ಟವನ್ನು ಕಡಿಮೆ ಮಾಡಿಕೊಳ್ಳಲು ತಮ್ಮ ಕೈಲಾದದ್ದನ್ನು ಮಾಡಿರಬೇಕೆಂದು ನ್ಯಾಯಾಲಯ ನಿರೀಕ್ಷಿಸುತ್ತದೆ. ಎರಡೇ ಇಂಜೆಕ್ಷನ್‌ಗೆ ನಿಲ್ಲಿಸಿದವರಿಗೆ ಎದುರು ಪಕ್ಷದ ವಕೀಲರು ಮೊದಲು ಕೇಳುವ ಪ್ರಶ್ನೆ ಅದೇ ಆಗಿರುತ್ತದೆ.

ಆಸ್ಪತ್ರೆಯಲ್ಲೇ ಹುಟ್ಟುವ ಸಾಕ್ಷ್ಯ

ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆಗೆ ಹೋಗಲಿ, ರಾಯಚೂರಿನ ರಿಮ್ಸ್‌ಗೆ, ಕೊಪ್ಪಳದ ಕಿಮ್ಸ್‌ಗೆ ಅಥವಾ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ, ವೈದ್ಯರು ಕೇಳುವ ಮೊದಲೇ ಗಾಯಾಳುವೇ ನಾಲ್ಕು ವಿಷಯ ಹೇಳಿ ಬರೆಸುವುದು ಒಳ್ಳೆಯದು: ಕಚ್ಚಿದ ಜಾಗ, ಹೊತ್ತು, ಬೀದಿ ನಾಯಿಯೋ ಸಾಕಿದ್ದೋ, ಸಾಕಿದ್ದಾದರೆ ಯಾರದು. ಗಾಯ ದೊಡ್ಡದಿದ್ದರೆ ಅದನ್ನು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ ಪ್ರಕರಣ, ಎಂದು ದಾಖಲಿಸುವಂತೆ ಕೋರಬಹುದು. ಮುಂದೆ ಗಾಯದ ಪ್ರಮಾಣಪತ್ರ ಕೇಳಿದಾಗ ವೈದ್ಯರು ನೆನಪಿನಿಂದ ಬರೆಯುವುದಿಲ್ಲ. ಆ ದಿನದ ದಾಖಲೆ ನೋಡಿ ಬರೆಯುತ್ತಾರೆ. ದಾಖಲೆಯಲ್ಲಿ ಇಲ್ಲದ್ದು ಪ್ರಮಾಣಪತ್ರಕ್ಕೂ ಬಾರದು.

ಗಾಯದ ಫೋಟೋವನ್ನು ತೊಳೆದ ಮೇಲೆ, ಪಟ್ಟಿ ಕಟ್ಟುವ ಮೊದಲು, ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಟ್ಟು ತೆಗೆದರೆ ಅದರ ಗಾತ್ರ ತಾನೇ ಮಾತಾಡುತ್ತದೆ. ಹಲ್ಲಿನ ಗುರುತುಗಳನ್ನು ಎಣಿಸಿಡುವುದು ಏಕೆ ಬೇಕೆಂಬುದು ಮುಂದೆ ತಿಳಿಯುತ್ತದೆ. ಘಟನೆ ನಡೆದ ಬೀದಿಯಲ್ಲಿ ಅಂಗಡಿಯದೋ ಬ್ಯಾಂಕಿನದೋ ಸಿಸಿಟಿವಿ ಇದ್ದರೆ ಅದರ ದೃಶ್ಯವನ್ನು ಕೆಲವೇ ದಿನಗಳಲ್ಲಿ ಪಡೆಯಬೇಕು, ಏಕೆಂದರೆ ಹಳೆಯದರ ಮೇಲೆ ಹೊಸದು ದಾಖಲಾಗುತ್ತ ಹೋಗುತ್ತದೆ. ನ್ಯಾಯಾಲಯದಲ್ಲಿ ಇಂಥ ದೃಶ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕಾದ್ದರಿಂದ, ವಾಟ್ಸ್ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ತುಣುಕಿಗಿಂತ ಚಿತ್ರೀಕರಿಸಿದ ಮೂಲ ಫೋನೇ ಬೆಲೆಯುಳ್ಳದ್ದು.

ಇನ್ನೊಂದು ಸಣ್ಣ ಗುರುತು ಬಹುತೇಕರ ಕಣ್ಣಿಗೆ ಬೀಳುವುದಿಲ್ಲ: ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೀದಿ ನಾಯಿಯ ಕಿವಿಯ ತುದಿಯನ್ನು ಕತ್ತರಿಸಿ ಗುರುತು ಮಾಡಿರುತ್ತಾರೆ. ಕಚ್ಚಿದ ನಾಯಿ ಆಮೇಲೆ ದೂರದಿಂದ ಕಂಡರೆ ಅದರ ಕಿವಿ ಕಾಣುವಂತೆ ಒಂದು ಫೋಟೋ ತೆಗೆಸಬೇಕು. ಎರಡೂ ಕಿವಿ ಇಡಿಯಾಗಿದ್ದರೆ, ಆ ಬೀದಿಗೆ ಶಸ್ತ್ರಚಿಕಿತ್ಸೆಯ ಕಾರ್ಯಕ್ರಮ ತಲುಪಿಲ್ಲವೆಂದು ವಾದಿಸಲು ಅದೊಂದು ಎಳೆ. ಆ ನಾಯಿಯ ಮೇಲೆ ಹತ್ತು ದಿನ ಕಣ್ಣಿಡುವುದೂ ಮುಖ್ಯ. ಅಷ್ಟರೊಳಗೆ ಅದು ಸತ್ತರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ನಾಯಿ ಯಾರದು?

ಪರಿಹಾರದ ದಾರಿ ಕವಲೊಡೆಯುವುದು ಈ ಪ್ರಶ್ನೆಯಲ್ಲಿ. ಸಾಕಿದ ನಾಯಿಯಾದರೆ ಹೊಣೆ ಸಾಕಿದವರದು. ಬೀದಿ ನಾಯಿಯಾದರೆ ಹೊಣೆಯ ಪ್ರಶ್ನೆ ಸ್ಥಳೀಯ ಸಂಸ್ಥೆ ಮತ್ತು ಸರ್ಕಾರದ ಕಡೆಗೆ ತಿರುಗುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಇದೇ ವಿಂಗಡಣೆ ಮಾಡಿವೆ: ಸಾಕುನಾಯಿಯ ಲಸಿಕೆ ಮತ್ತು ಸಂತಾನಹರಣ ಮಾಲೀಕರ ಹೊಣೆ, ಬೀದಿ ನಾಯಿಯದು ಸ್ಥಳೀಯ ಸಂಸ್ಥೆಯ ಹೊಣೆ.

ಊರುಗಳಲ್ಲಿ ಈ ಗೆರೆ ಅಷ್ಟು ನೇರವಾಗಿರುವುದಿಲ್ಲ. ಹೊಲದ ಗುಡಿಸಲಿನ ಮುಂದೆ ಬಿದ್ದಿರುವ, ರಾತ್ರಿ ಮೆಣಸಿನಕಾಯಿ ರಾಶಿ ಕಾಯುವ, ಹಗಲು ಊರೆಲ್ಲ ಸುತ್ತುವ ನಾಯಿ ಯಾರದು? ಕಚ್ಚುವ ತನಕ ಅದು ‘ನಮ್ಮ ನಾಯಿ’. ಕಚ್ಚಿದ ಮರುದಿನ ‘ಅದು ಬೀದಿ ನಾಯಿ, ನಾವು ಅನ್ನ ಹಾಕ್ತೀವಿ ಅಷ್ಟೇ’. ಕಾನೂನು ಕೇಳುವುದು ಖರೀದಿ ರಸೀದಿಯನ್ನಲ್ಲ. ಕ್ರಿಮಿನಲ್ ಕಾನೂನು ‘ವಶದಲ್ಲಿರುವ ಪ್ರಾಣಿ’ ಎನ್ನುತ್ತದೆ. ಕೊರಳಿಗೆ ಪಟ್ಟಿ ಕಟ್ಟಿದ್ದು, ಸರಪಳಿ ಹಾಕಿದ್ದು, ಹೆಸರಿಟ್ಟು ಕರೆದಾಗ ಬರುವುದು, ಲಸಿಕೆ ಹಾಕಿಸಿದ್ದು, ಅಂಗಳದಲ್ಲಿ ಮಲಗಿಸಿಕೊಂಡಿದ್ದು, ಇವೆಲ್ಲ ಸೇರಿ ವಶವನ್ನು ತೋರಿಸುತ್ತವೆ. ದಾರಿಯಲ್ಲಿ ಹೋಗುವಾಗ ಒಂದು ಬಿಸ್ಕತ್ತು ಎಸೆದವರನ್ನು ಮಾಲೀಕರೆನ್ನಲಾಗದು. ಅಕ್ಕಪಕ್ಕದ ಇಬ್ಬರ ಹೇಳಿಕೆ ಇಲ್ಲಿ ಬಹಳ ತೂಕದ್ದು, ಮತ್ತು ಅದು ಸಿಗುವುದು ಕಷ್ಟ ಎಂಬುದೂ ಹಳ್ಳಿಯಲ್ಲಿ ಬದುಕಿದವರಿಗೆ ಗೊತ್ತು.

ಸಾಕಿದ ನಾಯಿ ಕಚ್ಚಿದಾಗ

ಮೊದಲ ದಾರಿ ಪೊಲೀಸ್ ದೂರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗಬಹುದೆಂಬ ಸಂಭವವಿದ್ದಾಗ ಸಾಕಷ್ಟು ಎಚ್ಚರಿಕೆ ವಹಿಸದಿರುವುದು ಅಪರಾಧ. ಆರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಳೆಯ ದಂಡ ಸಂಹಿತೆಯಲ್ಲಿ ಇದು 289ನೇ ಕಲಮಾಗಿತ್ತು, ದಂಡದ ಮಿತಿ 1,000 ರೂಪಾಯಿ ಇತ್ತು. ಇದು ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದಾದ, ಜಾಮೀನು ಸಿಗುವ ಅಪರಾಧ. ಗಾಯ ದೊಡ್ಡದಾಗಿದ್ದರೆ, ನಿರ್ಲಕ್ಷ್ಯದಿಂದ ಇತರರ ಸುರಕ್ಷತೆಗೆ ಧಕ್ಕೆ ತಂದ 125ನೇ ಕಲಮನ್ನೂ ಸೇರಿಸುವಂತೆ ಕೋರಬಹುದು.

ಈ ದಾರಿಯಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ, ಗಾಯಾಳುವಿಗೆ ತಾನಾಗಿಯೇ ಬರುವುದಿಲ್ಲ. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಮಿನಡಿ, ಶಿಕ್ಷೆ ವಿಧಿಸುವ ನ್ಯಾಯಾಲಯ ಆ ದಂಡದಿಂದಲೇ ಪರಿಹಾರ ಕೊಡಿಸಬಹುದು. ದಂಡ ವಿಧಿಸದೆ ಇದ್ದಾಗಲೂ ಅಪರಾಧಿಯು ನೊಂದವರಿಗೆ ಇಂತಿಷ್ಟು ಹಣ ಕೊಡಬೇಕೆಂದು ಆದೇಶಿಸಬಹುದು. ಅದನ್ನು ಸರ್ಕಾರಿ ಅಭಿಯೋಜಕರ ಮೂಲಕ ಕೇಳಬೇಕು. ಕೇಳದಿದ್ದರೆ ಅದು ಮರೆತುಹೋಗುವ ಸಾಧ್ಯತೆಯೇ ಹೆಚ್ಚು.

ಎರಡನೆಯದು ಸಿವಿಲ್ ದಾವೆ. ಇದರ ತತ್ವವನ್ನು ನಮ್ಮ ಕಾಲುವೆ ಪ್ರದೇಶದವರಿಗೆ ವಿವರಿಸುವುದು ಸುಲಭ. ನಿಮ್ಮ ಹೊಲದ ಬದುವನ್ನು ಸರಿಯಾಗಿ ಕಟ್ಟದೆ, ರಾತ್ರಿ ನೀರು ತಿರುಗಿಸಿ ಮಲಗಿದಿರಿ. ಬೆಳಗಾಗುವಷ್ಟರಲ್ಲಿ ಪಕ್ಕದವರ ಮೆಣಸಿನಕಾಯಿ ಕೊಚ್ಚಿಹೋಗಿತ್ತು. ಅವರ ಬೆಳೆ ಹಾಳುಮಾಡಬೇಕೆಂದು ನೀವು ಬಯಸಿರಲಿಲ್ಲ, ಆದರೆ ನೀರು ನಿಮ್ಮ ಹತೋಟಿಯಲ್ಲಿತ್ತು, ಬದು ಗಟ್ಟಿ ಮಾಡಬೇಕಾದವರೂ ನೀವೇ. ನಷ್ಟ ತುಂಬಿಕೊಡಬೇಕಾದ್ದು ಸಹಜ. ನಾಯಿಯ ವಿಷಯವೂ ಹಾಗೆಯೇ, ಒಂದು ವ್ಯತ್ಯಾಸದೊಂದಿಗೆ: ಹುಲಿ, ಕರಡಿಯಂಥ ಕಾಡುಪ್ರಾಣಿ ಸಾಕಿದವರು ಯಾವ ನೆವವನ್ನೂ ಹೇಳುವಂತಿಲ್ಲ, ನಾಯಿ ಊರಪ್ರಾಣಿಯಾದ್ದರಿಂದ ಅದು ಕಚ್ಚುವ ಸ್ವಭಾವದ್ದೆಂದು ಮಾಲೀಕರಿಗೆ ಗೊತ್ತಿತ್ತು ಎಂದಾಗಲೀ, ಅವರು ಎಚ್ಚರಿಕೆ ತಪ್ಪಿದರು ಎಂದಾಗಲೀ ಗಾಯಾಳು ತೋರಿಸಬೇಕು.

ಗೊತ್ತಿತ್ತು ಎಂದು ತೋರಿಸುವುದು ಹೇಗೆ? ಹಿಂದೆ ಯಾರಿಗಾದರೂ ಕಚ್ಚಿದ್ದರೆ ಅವರ ಚಿಕಿತ್ಸೆಯ ಚೀಟಿ, ನೆರೆಯವರು ಹಿಂದೆ ಕೊಟ್ಟ ದೂರು, ಬಾಯಿಗೆ ಕುಕ್ಕೆ ಹಾಕದೆ ಬಿಟ್ಟಿದ್ದನ್ನು ಕಂಡವರ ಮಾತು. ಗೇಟಿಗೆ ತೂಗುಹಾಕಿದ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕವೂ ಇಲ್ಲಿ ಎರಡು ಅಲಗಿನ ಕತ್ತಿ. ಒಳಗೆ ನುಗ್ಗಿ ಬಂದವರ ವಿರುದ್ಧ ಅದು ಮಾಲೀಕರಿಗೆ ಗುರಾಣಿ. ಗೇಟು ತೆರೆದಿದ್ದು ನಾಯಿ ಬೀದಿಗೆ ಬಂದು ಕಚ್ಚಿದ್ದರೆ, ಅಪಾಯ ಮಾಲೀಕರಿಗೆ ತಿಳಿದೇ ಇತ್ತು ಎಂಬುದಕ್ಕೆ ಅವರೇ ಬರೆಸಿಟ್ಟ ಸಾಕ್ಷಿ. ಕಚ್ಚಿಸಿಕೊಂಡವರ ತಪ್ಪನ್ನೂ ನ್ಯಾಯಾಲಯ ನೋಡುತ್ತದೆ. ಕಲ್ಲು ಹೊಡೆದು ಕೆಣಕಿದ್ದರೆ, ಮರಿ ಹಾಕಿದ ನಾಯಿಯ ಬಳಿ ಹೋಗಿ ಮರಿ ಎತ್ತಿದ್ದರೆ ಪರಿಹಾರದಲ್ಲಿ ಅಷ್ಟು ಪಾಲು ಕಡಿತವಾಗಬಹುದು. ಐದು ವರ್ಷದ ಮಗುವಿನ ವಿಷಯದಲ್ಲಿ ಇದೇ ಮಾನದಂಡ ಬಳಸುವುದಿಲ್ಲ.

ನಾಯಿಯ ತಳಿ ಯಾವುದೆಂಬುದು ಇಲ್ಲಿ ನಿರ್ಣಾಯಕವಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು.

ಬೀದಿ ನಾಯಿಯ ಹೊಣೆ ಸಂಸ್ಥೆಗೆ ಬಂದದ್ದು ಹೇಗೆ

ಬೀದಿ ನಾಯಿಗೆ ಮಾಲೀಕರಿಲ್ಲ, ಹಾಗಾದರೆ ನಗರಸಭೆ ಏಕೆ ಹಣ ಕೊಡಬೇಕು ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇಷ್ಟು: ನಾಯಿ ಸಂಸ್ಥೆಯದಲ್ಲ, ಕರ್ತವ್ಯ ಸಂಸ್ಥೆಯದು. ರಸ್ತೆಯಲ್ಲಿ ತೆರೆದ ಮ್ಯಾನ್‌ಹೋಲ್‌ಗೆ ಬಿದ್ದವರಿಗೆ ನಗರಸಭೆ ಉತ್ತರ ಕೊಡಬೇಕಾಗುವುದು ಅದನ್ನು ಮುಚ್ಚಿಡುವ ಕೆಲಸ ಅದರದ್ದಾದ್ದರಿಂದ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ, ಸುಸ್ಥಿತಿಯಲ್ಲಿಡಬೇಕಾದವರೇ ಹೊಣೆಗಾರರೆಂದು ಸುಪ್ರೀಂ ಕೋರ್ಟ್ 1966ರಲ್ಲೇ ಅಲ್ಲಿನ ಪಾಲಿಕೆಗೆ ಹೇಳಿತ್ತು. 2023ರ ನಿಯಮಗಳು ನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ ಬಿಡುವ ಕೆಲಸವನ್ನು ಸ್ಥಳೀಯ ಸಂಸ್ಥೆಗೆ ವಹಿಸಿವೆ. ಆ ಕೆಲಸ ಆಗಿಲ್ಲವೆಂದು, ಆಗದಿದ್ದರಿಂದಲೇ ಈ ಗಾಯವಾಯಿತೆಂದು ತೋರಿಸುವುದು ವಾದದ ತಿರುಳು.

ಸುಪ್ರೀಂ ಕೋರ್ಟಿನ ಆದೇಶಗಳು ಈ ಕರ್ತವ್ಯಕ್ಕೆ ಗಡಿ ಎಳೆದಿವೆ. 2025ರ ಆಗಸ್ಟ್ 22ರ ಆದೇಶದಂತೆ, ಸಂತಾನಹರಣ ಮತ್ತು ಲಸಿಕೆಯಾದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ಆದರೆ ರೇಬೀಸ್ ಇರುವ ಅಥವಾ ಇದೆಯೆಂದು ಶಂಕೆ ಇರುವ ನಾಯಿಗಳನ್ನು, ಆಕ್ರಮಣಕಾರಿ ನಾಯಿಗಳನ್ನು ಬಿಡುವಂತಿಲ್ಲ. ನವೆಂಬರ್ 7ರ ಆದೇಶ ಇನ್ನೂ ಮುಂದೆ ಹೋಯಿತು: ಶಾಲಾ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆಯಬೇಕು, ಅಲ್ಲಿಗೇ ಮತ್ತೆ ಬಿಡಬಾರದು, ಆಸ್ಪತ್ರೆಗಳು ಲಸಿಕೆ ಮತ್ತು ಇಮ್ಯುನೋಗ್ಲಾಬ್ಯುಲಿನ್ ಸದಾ ದಾಸ್ತಾನು ಇಟ್ಟಿರಬೇಕು. ಹೀಗಾಗಿ ಗಂಗಾವತಿಯ ಬಸ್ ನಿಲ್ದಾಣದಲ್ಲಿ ಕಚ್ಚಿಸಿಕೊಂಡವರ ವಾದ, ಊರ ಹೊರಗಿನ ಬಯಲಿನಲ್ಲಿ ಕಚ್ಚಿಸಿಕೊಂಡವರ ವಾದಕ್ಕಿಂತ ಗಟ್ಟಿಯಾಗಿರುತ್ತದೆ. ಓಪಿಡಿ ಚೀಟಿಯಲ್ಲಿ ಜಾಗದ ಹೆಸರು ಏಕಿರಬೇಕೆಂಬುದಕ್ಕೆ ಇದೂ ಕಾರಣ.

ರಾಜ್ಯದ ಆದೇಶದಲ್ಲಿ ಎಷ್ಟು ಹಣ

2025ರ ನವೆಂಬರ್‌ನಲ್ಲಿ ಪ್ರಕಟವಾದ ಕರ್ನಾಟಕದ ಆದೇಶದ ಪ್ರಕಾರ, ಬೀದಿ ನಾಯಿ ಕಡಿತ ಅಥವಾ ಅದರಿಂದ ಬಂದ ರೇಬೀಸ್‌ನಿಂದ ಸಾವಾದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಚರ್ಮ ತೂತಾದ, ಆಳವಾಗಿ ಕಂದಿದ, ಸೀಳಿದ ಅಥವಾ ಹಲವು ಕಡೆ ಕಚ್ಚಿದ ಗಾಯಕ್ಕೆ 5,000 ರೂಪಾಯಿ. ಅದರಲ್ಲಿ 3,500 ರೂಪಾಯಿ ಗಾಯಾಳುವಿನ ಕೈಗೆ, ಉಳಿದ 1,500 ರೂಪಾಯಿ ಚಿಕಿತ್ಸೆಯ ಬಾಬ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ. ನಾಟಿಯ ಹಂಗಾಮಿನಲ್ಲಿ ಹದಿನೈದು ದಿನ ಕೂಲಿ ಕಳೆದುಕೊಂಡವರಿಗೆ ಈ ಮೊತ್ತ ನಷ್ಟವನ್ನು ಪೂರ್ತಿ ತುಂಬುವುದಿಲ್ಲವೆಂಬುದು ಲೆಕ್ಕ ಬಲ್ಲ ಯಾರಿಗಾದರೂ ಕಾಣುತ್ತದೆ. ಆದರೂ ಅದನ್ನು ಬಿಡಬಾರದು, ಏಕೆಂದರೆ ತಪ್ಪು ಯಾರದೆಂದು ವರ್ಷಗಟ್ಟಲೆ ವಾದಿಸದೆ, ಘಟನೆ ಮತ್ತು ಗಾಯವನ್ನು ತೋರಿಸಿ ಕೇಳಬಹುದಾದ ಹಣ ಇದೊಂದೇ.

ಇದರ ಪಕ್ಕಕ್ಕೆ ಇನ್ನೊಂದು ಅಳತೆಗೋಲನ್ನು ಇಟ್ಟು ನೋಡಬಹುದು. 2023ರ ನವೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್, 193 ಅರ್ಜಿಗಳನ್ನು ಒಟ್ಟಿಗೆ ತೀರ್ಮಾನಿಸುತ್ತ, ಪ್ರತಿ ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ, ಮಾಂಸ ಕಿತ್ತುಬಂದಿದ್ದರೆ ಪ್ರತಿ 0.2 ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ 20,000 ರೂಪಾಯಿ ಎಂದು ನಿಗದಿ ಮಾಡಿತು. ಹಣ ಮೊದಲು ಕೊಡಬೇಕಾದ್ದು ರಾಜ್ಯ, ತಪ್ಪಿತಸ್ಥ ಸಂಸ್ಥೆಯಿಂದಲೋ ವ್ಯಕ್ತಿಯಿಂದಲೋ ಆಮೇಲೆ ವಸೂಲು ಮಾಡಿಕೊಳ್ಳಲಿ ಎಂದೂ ಹೇಳಿತು. ಆ ಅಳತೆಯಲ್ಲಿ ನಾಲ್ಕು ಹಲ್ಲು ಊರಿದ ಗಾಯಕ್ಕೆ 40,000 ರೂಪಾಯಿ. ಆ ತೀರ್ಪು ಕರ್ನಾಟಕವನ್ನು ಕಟ್ಟಿಹಾಕುವುದಿಲ್ಲ. ಬೇರೆ ರಾಜ್ಯದ ಹೈಕೋರ್ಟಿನ ತೀರ್ಪು ಇಲ್ಲಿ ಮನವೊಲಿಸುವ ಆಧಾರ ಮಾತ್ರ. ಆದರೆ ಹಲ್ಲಿನ ಗುರುತು ಎಣಿಸಿಟ್ಟವರಿಗೆ ಆ ಆಧಾರ ಬಳಸಲು ಬರುತ್ತದೆ, ‘ನಾಯಿ ಕಡಿತ’ ಎಂಬ ಎರಡೇ ಪದ ಇಟ್ಟುಕೊಂಡವರಿಗೆ ಬರುವುದಿಲ್ಲ.

ಅರ್ಜಿ ಯಾರ ಮೇಜಿಗೆ

ಬಳ್ಳಾರಿ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಕಚ್ಚಿದರೆ ಅರ್ಜಿ ಆಯುಕ್ತರಿಗೆ. ಸಿಂಧನೂರು, ಗಂಗಾವತಿಯಂಥ ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ, ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಪಿಡಿಒಗೆ. ನೋಡಬೇಕಾದ್ದು ಗಾಯಾಳುವಿನ ಮನೆ ಎಲ್ಲಿದೆ ಎಂಬುದನ್ನಲ್ಲ, ಕಚ್ಚಿದ ಜಾಗ ಯಾರ ವ್ಯಾಪ್ತಿಯಲ್ಲಿದೆ ಎಂಬುದನ್ನು. ಮಾನ್ವಿಯವರಿಗೆ ರಾಯಚೂರಿನ ಮಾರುಕಟ್ಟೆಯಲ್ಲಿ ಕಚ್ಚಿದರೆ ಅರ್ಜಿ ರಾಯಚೂರಿನಲ್ಲೇ.

ಅರ್ಜಿಯಲ್ಲಿ ಘಟನೆಯ ದಿನ, ಹೊತ್ತು, ವಾರ್ಡ್, ಹತ್ತಿರದ ಗುರುತಿನ ಕಟ್ಟಡ, ಚಿಕಿತ್ಸೆ ಪಡೆದ ಆಸ್ಪತ್ರೆ, ಓಪಿಡಿ ಸಂಖ್ಯೆ, ಪಡೆದ ಇಂಜೆಕ್ಷನ್‌ಗಳ ದಿನಾಂಕ, ಖರ್ಚು, ಹೋದ ಕೂಲಿ, ಕಂಡ ಸಾಕ್ಷಿಗಳ ಹೆಸರು ಬರೆದು, ದಾಖಲೆಗಳ ನಕಲು, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ನ ನಕಲನ್ನು ಲಗತ್ತಿಸಬೇಕು. ಮೂಲ ಪ್ರತಿಗಳನ್ನು ಯಾರಿಗೂ ಕೊಡಬಾರದು. ಕೊನೆಯದಾಗಿ, ಎರಡನೇ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಬೇಕು. "ಇಟ್ಟು ಹೋಗ್ರಿ, ಸಾಹೇಬ್ರಿಗೆ ಹೇಳ್ತೀವಿ" ಎಂಬ ಮಾತಿಗೆ ನಂಬರ್ ಇರುವುದಿಲ್ಲ. ಮೊಹರು ಸಿಗದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಬಹುದು.

ಉತ್ತರ ಬಾರದಿದ್ದರೆ, ಅಥವಾ ಮುಂದೆ ನ್ಯಾಯಾಲಯಕ್ಕೆ ಹೋಗುವ ಯೋಚನೆ ಇದ್ದರೆ, ಮಾಹಿತಿ ಹಕ್ಕು ಅರ್ಜಿ ಒಳ್ಳೆಯ ಹತಾರ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗಿರಬೇಕು. ಕೇಳಬೇಕಾದ್ದು ಅಭಿಪ್ರಾಯವನ್ನಲ್ಲ, ದಾಖಲೆಯನ್ನು: ಕಳೆದ ಎರಡು ವರ್ಷದಲ್ಲಿ ಈ ವಾರ್ಡಿನಲ್ಲಿ ಸಂತಾನಹರಣವಾದ ನಾಯಿಗಳ ಸಂಖ್ಯೆ, ಅದಕ್ಕೆ ಆದ ಖರ್ಚು, ಇದೇ ಬೀದಿಯ ನಾಯಿಗಳ ಬಗ್ಗೆ ಬಂದ ದೂರುಗಳು ಮತ್ತು ಅವುಗಳ ಮೇಲೆ ಕೈಗೊಂಡ ಕ್ರಮದ ಪ್ರತಿ. ಮೊದಲೇ ದೂರು ಬಂದಿದ್ದರೂ ಸುಮ್ಮನಿದ್ದರು ಎಂಬುದು ಅವರದೇ ಕಡತದಿಂದ ಹೊರಬಿದ್ದರೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಆ ಮೊತ್ತ ಸಾಲದಿದ್ದಾಗ

ಮುಖದ ಮೇಲೆ ಶಾಶ್ವತ ಕಲೆ, ಕೈಬೆರಳು ಮಡಚಲಾಗದ ಸ್ಥಿತಿ, ಅಥವಾ ಸಾವು ಸಂಭವಿಸಿದಾಗ ನ್ಯಾಯಾಲಯದ ಎರಡು ಬಾಗಿಲುಗಳಿವೆ. ಒಂದು ಸಿವಿಲ್ ನ್ಯಾಯಾಲಯ: ಸಾಕ್ಷಿ ವಿಚಾರಣೆ, ಪಾಟೀಸವಾಲು ಎಲ್ಲ ನಡೆಯುತ್ತದೆ, ಆದ್ದರಿಂದ ನಿಧಾನ, ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕವೂ ಏರುತ್ತದೆ, ಕಟ್ಟಲಾಗದ ಬಡವರು ಅದರಿಂದ ವಿನಾಯಿತಿ ಕೋರಬಹುದು. ಇನ್ನೊಂದು ಹೈಕೋರ್ಟ್: ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ, ಅಂದರೆ ಸರ್ಕಾರಿ ಸಂಸ್ಥೆಗೆ ನೇರವಾಗಿ ಆದೇಶ ನೀಡುವಂತೆ ಕೋರುವ ಅರ್ಜಿ. ಸರ್ಕಾರಿ ಸಂಸ್ಥೆಯ ಲೋಪದಿಂದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಧಕ್ಕೆಯಾದಾಗ ರಿಟ್‌ನಲ್ಲೇ ಹಣದ ಪರಿಹಾರ ಕೊಡಿಸಬಹುದೆಂಬುದು ಸುಪ್ರೀಂ ಕೋರ್ಟಿನ 1993ರ ನೀಲಬತಿ ಬೆಹೆರಾ ತೀರ್ಪಿನಿಂದ ಗಟ್ಟಿಯಾದ ತತ್ವ. ಆದರೆ ಹೈಕೋರ್ಟ್ ಇಲ್ಲಿ ಸಾಕ್ಷಿಗಳನ್ನು ಕರೆದು ಕೇಳುವುದಿಲ್ಲ, ಕಾಗದ ನೋಡಿ ತೀರ್ಮಾನಿಸುತ್ತದೆ. ನಾಯಿ ಯಾರದೆಂಬುದೇ ವಿವಾದವಾಗಿದ್ದರೆ, ಹೋಗಿ ಸಿವಿಲ್ ದಾವೆ ಹಾಕಿ ಎಂದು ಹೇಳಿ ಕಳುಹಿಸುವ ಸಾಧ್ಯತೆ ಹೆಚ್ಚು. ಮಗುವಿನ ಮೇಲೆ ಬೀದಿ ನಾಯಿಗಳ ಹಿಂಡು ಎರಗಿ, ಅದು ಪೊಲೀಸ್ ಮತ್ತು ಆಸ್ಪತ್ರೆ ದಾಖಲೆಯಲ್ಲಿ ಸ್ಪಷ್ಟವಾಗಿರುವಂಥ ಪ್ರಕರಣಕ್ಕೆ ರಿಟ್ ಸರಿಯಾದ ದಾರಿ.

ಹೈಕೋರ್ಟಿಗೆಂದು ಬೆಂಗಳೂರಿಗೆ ಓಡಬೇಕಾಗಿಲ್ಲ. ಬಳ್ಳಾರಿ ಮತ್ತು ಕೊಪ್ಪಳ ಜಿಲ್ಲೆಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.

ಮೊತ್ತವನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ. ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಹೊಲಿಗೆ ಮಾಡುವವರೊಬ್ಬರಿಗೆ ಬಲಗೈ ಮುಂಗೈಗೆ ಕಚ್ಚಿತು ಎಂದುಕೊಳ್ಳಿ. ಅವರಿಗೆ ಸಿಗುವುದು ಪೀಸಿನ ಲೆಕ್ಕದ ಕೂಲಿ. ದಿನಕ್ಕೆ ಸರಾಸರಿ 600 ರೂಪಾಯಿ, ಕೆಲಸ ತಪ್ಪಿದ್ದು 40 ದಿನ, ಅಂದರೆ 24,000 ರೂಪಾಯಿ. ಔಷಧ ಮತ್ತು ಓಡಾಟಕ್ಕೆ 9,000. ಇವೆರಡಕ್ಕೂ ಕಾಗದ ತೋರಿಸಬೇಕು. ಪೀಸಿನ ಲೆಕ್ಕ ಬರೆಯುವ ಪುಸ್ತಕದ ಪುಟ ಅಥವಾ ಮಾಲೀಕರ ಒಂದು ಪತ್ರವಾದರೂ ಬೇಕು. ನೋವು, ಭಯ, ಉಳಿದ ಕಲೆ ಇವಕ್ಕೆ ರಸೀದಿ ಇರುವುದಿಲ್ಲ, ಅವನ್ನು ನ್ಯಾಯಾಧೀಶರು ಹೋಲಿಕೆಯ ತೀರ್ಪುಗಳನ್ನು ನೋಡಿ ನಿರ್ಧರಿಸುತ್ತಾರೆ. ಹೆಬ್ಬೆರಳಿನ ಹಿಡಿತ ಶಾಶ್ವತವಾಗಿ ಸಡಿಲವಾಗಿದ್ದರೆ ಲೆಕ್ಕವೇ ಬದಲಾಗುತ್ತದೆ: ವೈದ್ಯರು ಕೊಡುವ ಅಂಗವೈಕಲ್ಯದ ಪ್ರಮಾಣವನ್ನೂ ವಯಸ್ಸನ್ನೂ ಹಿಡಿದು, ರಸ್ತೆ ಅಪಘಾತದ ಪ್ರಕರಣಗಳಲ್ಲಿ ಮಾಡುವಂತೆ, ಮುಂದಿನ ದುಡಿಮೆಯ ನಷ್ಟವನ್ನು ಗುಣಿಸಿ ತೆಗೆಯುತ್ತಾರೆ. ಹೊಲಿಗೆಯವರ ಹೆಬ್ಬೆರಳಿಗೂ ಕಾವಲುಗಾರರ ಹೆಬ್ಬೆರಳಿಗೂ ಬೆಲೆ ಒಂದೇ ಅಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ರಾಜ್ಯದ ಆದೇಶದಡಿ ಬಂದ ಹಣವನ್ನು ಒಟ್ಟು ಮೊತ್ತದಲ್ಲಿ ಕಳೆಯಬಹುದು, ಆದರೆ ಅದನ್ನು ಪಡೆದ ಮಾತ್ರಕ್ಕೆ ಹೆಚ್ಚಿನದನ್ನು ಕೇಳುವ ಬಾಗಿಲು ಮುಚ್ಚುವುದಿಲ್ಲ. ‘ಪೂರ್ಣ ಇತ್ಯರ್ಥ’ ಎಂದು ಬರೆದ ಕಾಗದಕ್ಕೆ ಮಾತ್ರ ಓದದೆ ಸಹಿ ಹಾಕಬಾರದು. ಸಾಕುನಾಯಿಯ ಮಾಲೀಕರೊಂದಿಗೆ ಊರ ಹಿರಿಯರ ಮುಂದೆ ರಾಜಿಯಾಗುವಾಗಲೂ ಇದೇ ಎಚ್ಚರಿಕೆ ಬೇಕು.

ಗಡುವು

1963ರ ಕಾಲಮಿತಿ ಕಾಯ್ದೆಯಡಿ ಇಂಥ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ ಎಂದು ಜನ ನಂಬಿದ್ದಾರೆ. ಸಾಕುನಾಯಿಯ ಮಾಲೀಕರ ವಿರುದ್ಧ ಅದು ಹೊಂದುತ್ತದೆ. ಆದರೆ ಸ್ಥಳೀಯ ಸಂಸ್ಥೆಯಂತೆ ಕಾಯ್ದೆಯೊಂದರಡಿ ಕೆಲಸ ಮಾಡುವವರ ಕೃತ್ಯ ಅಥವಾ ಲೋಪಕ್ಕೆ ಪರಿಹಾರ ಕೇಳುವಾಗ ಅದೇ ಕಾಯ್ದೆಯ 72ನೇ ಅನುಚ್ಛೇದದ ಮಿತಿ ಒಂದೇ ವರ್ಷ, ಮತ್ತು ಸಾವಿನ ಪ್ರಕರಣದಲ್ಲಿ 1855ರ ಮಾರಣಾಂತಿಕ ಅಪಘಾತ ಕಾಯ್ದೆಯಡಿ ಹೂಡುವ ದಾವೆಗೆ ಸಾವಿನ ದಿನದಿಂದ ಎರಡು ವರ್ಷ. ಸರ್ಕಾರದ ಮೇಲೆ ದಾವೆ ಹೂಡುವ ಎರಡು ತಿಂಗಳ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸ್ ಕೊಡಬೇಕು. ಸ್ಥಳೀಯ ಸಂಸ್ಥೆಗಳ ಕಾಯ್ದೆಗಳಲ್ಲೂ ಮುಂಚಿತ ನೋಟಿಸ್ ಕೇಳುವ ಕಲಮುಗಳಿವೆ. ಹಾಗಾಗಿ ಕೊನೆಯ ಇಂಜೆಕ್ಷನ್ ಮುಗಿದ ವಾರದಲ್ಲೇ ವಕೀಲರನ್ನು ಕಾಣುವುದು ಸುರಕ್ಷಿತ. ಗಾಯಾಳು ಅಪ್ರಾಪ್ತರಾಗಿದ್ದರೆ 18 ತುಂಬುವವರೆಗೆ ಕಾಲಮಿತಿ ಕಾಯ್ದೆಯ ಗಡಿಯಾರ ಓಡುವುದಿಲ್ಲ, ಆದರೆ ಆ ಹೊತ್ತಿಗೆ ಸಾಕ್ಷಿ ಹೇಳಬೇಕಾದವರು ಗುಳೆ ಹೋಗಿರುತ್ತಾರೆ, ಸಿಸಿಟಿವಿಯ ದೃಶ್ಯ ಅಳಿಸಿಹೋಗಿರುತ್ತದೆ. ಪೋಷಕರೇ ಮಗುವಿನ ಪರವಾಗಿ ಕೂಡಲೇ ದಾವೆ ಹೂಡಬಹುದು.

ವಕೀಲರ ಶುಲ್ಕ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕು ನ್ಯಾಯಾಲಯದಲ್ಲಿ ತಾಲ್ಲೂಕು ಸಮಿತಿ ಇರುತ್ತದೆ. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಕೂಲಿ ಕಳೆದುಕೊಂಡು ವಕೀಲರ ಕಚೇರಿ ಮೆಟ್ಟಿಲು ಹತ್ತಲು ಹಿಂಜರಿಯುವವರಿಗೆ ಈ ಸಮಿತಿಗಳು ದಾವೆಯ ಮುಂಚೆಯೇ ಎದುರು ಪಕ್ಷವನ್ನು ಕರೆಸಿ ಮಾತುಕತೆಗೆ ಕೂರಿಸುತ್ತವೆ, ಮತ್ತು ಲೋಕ ಅದಾಲತ್‌ನಲ್ಲಿ ಒಪ್ಪಿದ ಮೊತ್ತಕ್ಕೆ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿರುತ್ತದೆ.

ಪ್ಲಾಸ್ಟಿಕ್ ಚೀಲದ ಆ ಮಹಿಳೆ ಮಾಡಿದ್ದು ಇಷ್ಟು. ಓಪಿಡಿ ಚೀಟಿಯ ಮೂಲೆಯಲ್ಲಿದ್ದ ಸಂಖ್ಯೆಯನ್ನು ತೋರಿಸಿ ಆಸ್ಪತ್ರೆಯ ದಾಖಲೆಯ ದೃಢೀಕೃತ ನಕಲು ಕೇಳಿದರು. ಚೀಟಿಯಲ್ಲಿ ಇರದಿದ್ದ ಗಾಯದ ಅಳತೆ ನರ್ಸ್ ಬರೆದಿದ್ದ ರಿಜಿಸ್ಟರಿನಲ್ಲಿ ಇತ್ತು. ಜೊತೆಗೆ ನಾಟಿಗೆ ಹೋಗಿದ್ದ ಇಬ್ಬರು ಹೆಬ್ಬೆಟ್ಟು ಒತ್ತಿ ಹೇಳಿಕೆ ಕೊಟ್ಟರು. ಪಂಚಾಯಿತಿಯಲ್ಲಿ ಎರಡನೇ ಪ್ರತಿಗೆ ಮೊಹರು ಹಾಕಿಸಲು ಅವರು ಮೂರು ಸಲ ಹೋಗಬೇಕಾಯಿತು. ಆ ಪ್ರತಿ ಈಗ ಅದೇ ಚೀಲದಲ್ಲಿ, ರೇಷನ್ ಕಾರ್ಡಿನ ಜೊತೆ ಇದೆ.